ಆಯ್ಕೆ ಪಟ್ಟಿಯಿಂದ ಸೇವಾ ಪುಸ್ತಕದವರೆಗೆ: ಸರ್ಕಾರಿ ಕೆಲಸಕ್ಕೆ ಸೇರುವ ಮುನ್ನ ನಡೆಯುವ ಪರಿಶೀಲನೆಗಳ ಸಮಗ್ರ ಮಾರ್ಗದರ್ಶಿ

ಅಂತಿಮ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನ ಮನೆಯಲ್ಲಿ ಹಬ್ಬ. ಮೊಬೈಲ್‌ಗೆ ಬಿಡುವಿರುವುದಿಲ್ಲ. ಆಮೇಲೆ ತಿಂಗಳುಗಟ್ಟಲೆ ಸದ್ದೇ ಇಲ್ಲ. "ಆರ್ಡರ್ ಯಾವಾಗಪ್ಪಾ ಬರೋದು?" ಅಂತ ಊರಿನವರು ಕೇಳುತ್ತಾರೆ, ಹೇಳೋಕೆ ಉತ್ತರ ಇರುವುದಿಲ್ಲ. ಆ ತಿಂಗಳುಗಳಲ್ಲಿ ನಿಮ್ಮ ಕಾಗದಗಳು ನಾಲ್ಕು ದಾರಿ ಹಿಡಿದು ಓಡಾಡುತ್ತಿರುತ್ತವೆ. ನಡತೆ ಮತ್ತು ಪೂರ್ವಾಪರದ ಪರಿಶೀಲನೆಗೆ ಎಸ್ಪಿ ಅಥವಾ ಕಮಿಷನರ್ ಕಚೇರಿಗೆ. ಅಂಕಪಟ್ಟಿಯ ನೈಜತೆಗೆ ಬೋರ್ಡು, ವಿಶ್ವವಿದ್ಯಾಲಯಕ್ಕೆ. ಜಾತಿ ಪ್ರಮಾಣಪತ್ರದ ಸಿಂಧುತ್ವಕ್ಕೆ, ಅಂದರೆ ಅದು ನಿಜವೇ ಅಂತ ನೋಡೋಕೆ, ಜಿಲ್ಲಾ ಸಮಿತಿಗೆ. ಮೆಡಿಕಲ್‌ಗೆ ಜಿಲ್ಲಾ ಆಸ್ಪತ್ರೆಗೆ.

ನಾನು ವರ್ಷಗಟ್ಟಲೆ ಸಿಬ್ಬಂದಿ ಶಾಖೆಯಲ್ಲಿ ಕೂತು ಇಂಥ ಕಡತಗಳನ್ನು ನೋಡಿದವನು. ಆರ್ಡರ್ ಕೈಗೆ ತೆಗೆದುಕೊಂಡು ಅಲ್ಲೇ ಅತ್ತವರನ್ನು ಕಂಡಿದ್ದೇನೆ. ಬಂದ ಕೆಲಸ ಕೈತಪ್ಪಿ ಹೋದವರನ್ನೂ ಕಂಡಿದ್ದೇನೆ. ಹಾಗೆ ಕಳೆದುಕೊಂಡವರಲ್ಲಿ ನನ್ನ ನೆನಪಿನಲ್ಲಿ ಉಳಿದವರು ದೊಡ್ಡ ಅಪರಾಧ ಮಾಡಿದವರಲ್ಲ. ಫಾರಂನಲ್ಲಿ ಒಂದು ಕಾಲಂಗೆ "ಇಲ್ಲ" ಅಂತ ಬರೆದವರು. ಅದಕ್ಕೇ ಈ ಬರಹದಲ್ಲಿ ಆ ಕಾಲಂಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಇಲ್ಲಿ ಹೇಳುವುದು ಮುಖ್ಯವಾಗಿ ಕೆಪಿಎಸ್‌ಸಿ, ಕೆಇಎ ಮೂಲಕ ಆಗುವ ರಾಜ್ಯ ಸರ್ಕಾರದ ನೇಮಕಾತಿಗಳ ಬಗ್ಗೆ. ಕೇಂದ್ರದ ಹುದ್ದೆಗಳಲ್ಲಿ ಬೇರೆ ಇರುವ ಕಡೆ ಅಲ್ಲಲ್ಲಿ ಹೇಳುತ್ತೇನೆ.

ಹೆಜ್ಜೆ 1: ಫೈಲು ಕಟ್ಟಿ, ಹೆಸರು ಹೊಂದಿಸಿ

ಒಂದು ಗಟ್ಟಿ ಫೈಲು ತನ್ನಿ. ಮೊದಲ ಕಾಗದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕಕ್ಕೆ ಕಚೇರಿಗಳು ನೋಡುವುದು ಅದನ್ನೇ. ಮಿಕ್ಕ ದಾಖಲೆಗಳನ್ನೆಲ್ಲ ಅದರ ಪಕ್ಕಕ್ಕಿಟ್ಟು ಅಕ್ಷರ ಅಕ್ಷರ ಹೋಲಿಸಿ. ಎಸ್ಸೆಸ್ಸೆಲ್ಸಿಯಲ್ಲಿ "ಮಂಜುನಾಥ ಬಿ", ಪದವಿಯಲ್ಲಿ "ಬಿ ಮಂಜುನಾಥ್", ಆಧಾರ್‌ನಲ್ಲಿ "ಮಂಜುನಾಥ ಬಸಪ್ಪ", ಜಾತಿ ಪ್ರಮಾಣಪತ್ರದಲ್ಲಿ ಬರೀ "ಮಂಜು". ಇದು ನಮ್ಮ ಕಡೆ ಎಷ್ಟು ಸಾಮಾನ್ಯ ಅಂದರೆ, ಎಲ್ಲ ಕಡೆ ಒಂದೇ ಹೆಸರಿರುವ ಕಡತ ಕಂಡರೆ ನಮಗೇ ಆಶ್ಚರ್ಯವಾಗುತ್ತಿತ್ತು.

ಇನಿಶಿಯಲ್ ಹಿಂದೆ ಮುಂದೆ ಆಗಿದ್ದರೆ "ಇಬ್ಬರೂ ಒಬ್ಬನೇ" ಅಂತ ನೋಟರಿ ಮುಂದೆ ಮಾಡಿದ ಅಫಿಡವಿಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಹೆಸರೇ ಬದಲಾಗಿದ್ದರೆ ರಾಜ್ಯಪತ್ರದಲ್ಲಿ ಪ್ರಕಟವಾದ ಪ್ರತಿ ಬೇಕಾಗುತ್ತದೆ. ಆಧಾರ್ ಮತ್ತು ಜಾತಿ ಪ್ರಮಾಣಪತ್ರವನ್ನು ಎಸ್ಸೆಸ್ಸೆಲ್ಸಿಗೆ ಹೊಂದಿಸಿ ತಿದ್ದಿಸುವುದು ಸುಲಭ. ಎಸ್ಸೆಸ್ಸೆಲ್ಸಿಯನ್ನು ತಿದ್ದಿಸೋಕೆ ಹೊರಟರೆ ವರ್ಷ ಹಿಡಿಯಬಹುದು.

ನೀವು ಹಾಕಿದ ಆನ್‌ಲೈನ್ ಅರ್ಜಿಯ ಪ್ರಿಂಟ್ ಕೂಡ ಇದೇ ಫೈಲಿನಲ್ಲಿರಲಿ. ಯಾವ ಮೀಸಲಾತಿ ಕೇಳಿದ್ದೀರಿ, ಯಾವ ವಿಳಾಸ ಕೊಟ್ಟಿದ್ದೀರಿ ಎಂಬುದು ಎರಡು ವರ್ಷದ ಮೇಲೆ ನೆನಪಿರುವುದಿಲ್ಲ. ಪರಿಶೀಲನೆ ನಡೆಯುವುದು ಮಾತ್ರ ಅಲ್ಲಿ ಬರೆದದ್ದರ ಮೇಲೆ.

ಹೆಜ್ಜೆ 2: ನಿಮ್ಮ ಮೇಲೆ ಕೇಸಿದೆಯೇ ಅಂತ ನೀವೇ ಮೊದಲು ನೋಡಿ

"ನನ್ನ ಮೇಲೆ ಎಂಥ ಕೇಸು?" ಅನ್ನಿಸಬಹುದು. ಹಳ್ಳಿಯಲ್ಲಿ ಕೇಸು ಹೇಗೆ ಹುಟ್ಟುತ್ತದೆ ಅಂತ ಯೋಚಿಸಿ ನೋಡಿ. ಬದುವಿನ ವಿಷಯಕ್ಕೆ ಚಿಕ್ಕಪ್ಪನ ಮನೆಯವರಿಗೂ ನಿಮ್ಮ ಮನೆಯವರಿಗೂ ಜಗಳ ಆಗುತ್ತದೆ. ದೂರು ಕೊಡುವವರು ಸಿಟ್ಟಿನಲ್ಲಿ ಮನೆಯ ಗಂಡಸರ ಹೆಸರನ್ನೆಲ್ಲ ಬರೆಸುತ್ತಾರೆ. ಆ ದಿನ ನೀವು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುತ್ತಿರುತ್ತೀರಿ. ಆದರೂ ಎಫ್‌ಐಆರ್‌ನಲ್ಲಿ ನೀವು ಎ5, ಅಂದರೆ ಐದನೇ ಆರೋಪಿ. ಅಪ್ಪ ವಕೀಲರನ್ನು ಹಿಡಿದು ಎಲ್ಲರಿಗೂ ಜಾಮೀನು ಕೊಡಿಸುತ್ತಾರೆ. ಒಂದು ದಿನ ಬಂದು ಸಹಿ ಹಾಕಿ ಹೋಗುತ್ತೀರಿ, ಮರೆತುಬಿಡುತ್ತೀರಿ. ಠಾಣೆಯ ದಾಖಲೆಯಲ್ಲಿ ಅದು ಹಾಗೇ ಇರುತ್ತದೆ.

ಗಣಪತಿ ಮೆರವಣಿಗೆಯ ಗಲಾಟೆ, ಕಾಲೇಜಿನ ಮುಷ್ಕರ, ಬೈಕ್ ಅಪಘಾತಕ್ಕೆ ಹಾಕಿದ ಅಜಾಗರೂಕ ಚಾಲನೆಯ ಕೇಸು (ಹಳೆಯ ಐಪಿಸಿಯ 279), ಚುನಾವಣೆ ಹೊತ್ತಿನಲ್ಲಿ "107 ಹಾಕಿ ಬಾಂಡ್ ಬರೆಸಿಕೊಂಡರು" ಅಂತೀವಲ್ಲ, ಶಾಂತಿ ಕಾಪಾಡುತ್ತೇನೆ ಅಂತ ಬರೆಸಿಕೊಳ್ಳುವ ಆ ಮುಚ್ಚಳಿಕೆ (ಹಳೆಯ ಸಿಆರ್‌ಪಿಸಿಯ 107). ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ನ್ಯಾಯಾಲಯ, ವರ್ಷ ಆರಿಸಿ ಹೆಸರು ಹಾಕಿ ಹುಡುಕಬಹುದು. ಹೆಸರಿನ ಸ್ಪೆಲಿಂಗ್ ಎರಡು ಮೂರು ಥರ ಹಾಕಿ ನೋಡಿ, ತಂದೆಯ ಹೆಸರಿನಿಂದಲೂ ನೋಡಿ. ಸಿಕ್ಕರೆ ಎಫ್‌ಐಆರ್, ದೋಷಾರೋಪ ಪಟ್ಟಿ, ಮುಗಿದಿದ್ದರೆ ತೀರ್ಪಿನ ದೃಢೀಕೃತ ನಕಲು ತೆಗೆಸಿಡಿ. ಪೊಲೀಸರು ಬಿ ರಿಪೋರ್ಟ್ (ವಿಚಾರಣೆಗೆ ಆಧಾರವಿಲ್ಲ ಅಂತ ಕೇಸು ಮುಗಿಸುವ ವರದಿ) ಹಾಕಿದ್ದರೆ ಅಷ್ಟಕ್ಕೇ ನಿಲ್ಲಬೇಡಿ. ಅದನ್ನು ನ್ಯಾಯಾಲಯ ಒಪ್ಪಿಕೊಂಡ ಆದೇಶದ ಪ್ರತಿ ಬೇಕು. ಲೋಕ ಅದಾಲತ್‌ನಲ್ಲಿ ರಾಜಿಯಾಗಿದ್ದರೂ ಅಷ್ಟೇ, ಆದೇಶ ಕೈಯಲ್ಲಿರಲಿ. ಈ ನಕಲುಗಳಿಗೆ ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಪರೀಕ್ಷೆ ಬರೆದು ಕಾಯುತ್ತಿರುವಾಗಲೇ ಮಾಡಿ ಮುಗಿಸಿ.

ಹೆಜ್ಜೆ 3: ದೃಢೀಕರಣ ನಮೂನೆ

ಇದೇ ಎಲ್ಲಕ್ಕಿಂತ ಮುಖ್ಯ ಕಾಗದ. ಕಚೇರಿಯಲ್ಲಿ ಇದನ್ನು ಅಟೆಸ್ಟೇಶನ್ ಫಾರಂ ಅಂತಲೇ ಕರೆಯುತ್ತಾರೆ. ತಲೆಯ ಭಾಗದಲ್ಲೇ ಎಚ್ಚರಿಕೆ ಇರುತ್ತದೆ: ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಮಾಹಿತಿ ಮುಚ್ಚಿಟ್ಟರೆ ಅದೇ ಅನರ್ಹತೆ.

ಮೊದಲು ವಿಳಾಸಗಳು. ಕೇಂದ್ರದ ನಮೂನೆಯಲ್ಲಿ ಹಿಂದಿನ 5 ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಎಲ್ಲ ಜಾಗಗಳನ್ನೂ ಕೇಳುತ್ತಾರೆ. ಬೆಂಗಳೂರಿನ ಇಸ್ರೋ, ಡಿಆರ್‌ಡಿಒ ಅಂಥ ಕಡೆ ಸೇರುವವರು ಇದನ್ನು ತುಂಬ ಎಚ್ಚರದಿಂದ ತುಂಬಬೇಕು. ನೀವು ಬರೆದ ಒಂದೊಂದು ಜಿಲ್ಲೆಗೂ ಬೇರೆ ಬೇರೆ ಪತ್ರ ಹೋಗುತ್ತದೆ. ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿ ಹದಿನೈದು ತಿಂಗಳು ಇದ್ದಿದ್ದರೆ ಅದನ್ನೂ ಬರೆಯಿರಿ. "ತಾತ್ಕಾಲಿಕ ಅಲ್ವಾ" ಅಂತ ಬಿಡಬೇಡಿ. ಬಾಡಿಗೆ ರಸೀದಿಯೋ, ಮೆಸ್ ಬಿಲ್ಲೋ, ಬ್ಯಾಂಕ್ ಪಾಸ್‌ಬುಕ್ಕೋ ಅಲ್ಲಿದ್ದೆ ಅನ್ನೋದಕ್ಕೆ ಏನಾದರೂ ಒಂದು ಹುಡುಕಿಡಿ.

ಮುಂದೆ ಆ ಸಾಲು ಸಾಲು ಪ್ರಶ್ನೆಗಳು. ಯಾವಾಗಲಾದರೂ ಬಂಧನ ಆಗಿದೆಯೇ? ವಿಚಾರಣೆಗೆ ಒಳಗಾಗಿದ್ದೀರಾ? ಮುಚ್ಚಳಿಕೆ ಬರೆಸಿಕೊಂಡಿದ್ದಾರಾ? ನ್ಯಾಯಾಲಯ ದಂಡ ಹಾಕಿದೆಯೇ? ಶಿಕ್ಷೆ ಆಗಿದೆಯೇ? ಪರೀಕ್ಷೆಯಿಂದ ಡಿಬಾರ್ ಆಗಿದ್ದೀರಾ? ಈಗ ಯಾವುದಾದರೂ ಪ್ರಕರಣ ಬಾಕಿ ಇದೆಯೇ? ಇವು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳಲ್ಲ. ಖುಲಾಸೆ ಆದವರಿಗೆ "ಶಿಕ್ಷೆ ಆಗಿದೆಯೇ" ಎಂಬುದಕ್ಕೆ "ಇಲ್ಲ" ಸರಿ. "ವಿಚಾರಣೆಗೆ ಒಳಗಾಗಿದ್ದೀರಾ" ಎಂಬುದಕ್ಕೆ ಮಾತ್ರ "ಹೌದು" ಅಂತಲೇ ಬರೆಯಬೇಕು. ಹುಡುಗರು ಎಡವುವುದು ಇಲ್ಲೇ. "ಕೇಸು ಮುಗಿದುಹೋಯ್ತಲ್ಲ, ಇನ್ನೇನು" ಅಂದುಕೊಳ್ಳುತ್ತಾರೆ. ಪ್ರಶ್ನೆ ಕೇಸು ಉಳಿದಿದೆಯೇ ಎಂಬುದಲ್ಲ, ಯಾವತ್ತಾದರೂ ಇತ್ತೇ ಎಂಬುದು.

ಟ್ರಾಫಿಕ್ ಪೊಲೀಸರು ರಸ್ತೆಯಲ್ಲೇ ಹಾಕಿದ ದಂಡ ನ್ಯಾಯಾಲಯದ ದಂಡವಲ್ಲ. ಕೋರ್ಟಿಗೆ ಹೋಗಿ ತಪ್ಪೊಪ್ಪಿಕೊಂಡು ಕಟ್ಟಿದ್ದರೆ ಅದು ನ್ಯಾಯಾಲಯದ ದಂಡವೇ.

ಬರೆಯುವ ರೀತಿ ಹೀಗಿರಲಿ: "ಹೌದು. ಅಪರಾಧ ಸಂಖ್ಯೆ ಇಷ್ಟು/2019, ಇಂಥ ಗ್ರಾಮಾಂತರ ಪೊಲೀಸ್ ಠಾಣೆ, ಐಪಿಸಿ ಕಲಂ 143, 147, 323, 504, 506 ಸಹಿತ 149. ನಾನು 5ನೇ ಆರೋಪಿ. ಸಿ.ಸಿ. ಸಂಖ್ಯೆ ಇಷ್ಟು/2020, ಜೆಎಂಎಫ್‌ಸಿ ನ್ಯಾಯಾಲಯ. ಇಂಥ ದಿನ ಖುಲಾಸೆಯಾಗಿದೆ. ತೀರ್ಪಿನ ದೃಢೀಕೃತ ನಕಲು ಲಗತ್ತಿಸಿದೆ." ಇಷ್ಟು ಸಾಕು. ಜಗಳದ ಕಥೆ, ಚಿಕ್ಕಪ್ಪನ ಮೇಲಿನ ದೂರು ಅಲ್ಲಿ ಬೇಡ. ಜಾಗ ಸಾಲದಿದ್ದರೆ ಬೇರೆ ಹಾಳೆ ಲಗತ್ತಿಸಿ, "ಲಗತ್ತು ನೋಡಿ" ಅಂತ ಕಾಲಂನಲ್ಲಿ ಬರೆಯಿರಿ. ತುಂಬಿದ ಫಾರಂ ಕೊಡುವ ಮೊದಲು ಒಂದು ಜೆರಾಕ್ಸ್ ನಿಮ್ಮ ಫೈಲಿಗೆ ಹಾಕಿಕೊಳ್ಳಿ.

ನಿಜ ಬರೆದರೆ ಕೆಲಸ ಹೋಗುವುದಿಲ್ಲವೇ? ಈ ಭಯ ಸಹಜ. ಸುಪ್ರೀಂ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಇದರ ಬಗ್ಗೆ ವಿವರವಾಗಿ ಹೇಳಿದೆ. ನಿಜ ಹೇಳಿದ ಮಾತ್ರಕ್ಕೆ ನೇಮಕ ಖಚಿತ ಅಂತಲ್ಲ, ಅಭ್ಯರ್ಥಿಯ ಪೂರ್ವಾಪರ ನೋಡಿ ತೀರ್ಮಾನಿಸುವ ಹಕ್ಕು ಪ್ರಾಧಿಕಾರಕ್ಕೆ ಇದೆ. ಆದರೆ ಬಾಕಿ ಇರುವ ಸಣ್ಣ ಪ್ರಕರಣವನ್ನು ಪ್ರಾಮಾಣಿಕವಾಗಿ ಹೇಳಿದ್ದರೆ ಪ್ರಾಧಿಕಾರ ಪರಿಸ್ಥಿತಿ ನೋಡಿ ನೇಮಕ ಮಾಡಬಹುದು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯ ಮುಚ್ಚಿಟ್ಟಿದ್ದರೂ ಮನ್ನಿಸಬಹುದು. ಗೊತ್ತೇ ಇಲ್ಲದ ವಿಷಯವನ್ನು ಮುಚ್ಚಿಟ್ಟರು ಅನ್ನುವಂತಿಲ್ಲ. ಗಂಭೀರವಾದದ್ದನ್ನು, ಗೊತ್ತಿದ್ದೂ ಮುಚ್ಚಿಟ್ಟರೆ ಕೆಲಸಕ್ಕೆ ಸೇರಿದ ಮೇಲೂ ತೆಗೆಯಬಹುದು.

ನಾನು ನೋಡಿದ ಒಂದು ಕಡತ ಹೇಳುತ್ತೇನೆ. ಒಬ್ಬ ಹುಡುಗ, ಅಪ್ಪ ಹಮಾಲಿ. ಹಳೆಯ ಹೊಡೆದಾಟದ ಕೇಸಿನಲ್ಲಿ ಖುಲಾಸೆಯಾಗಿತ್ತು. ಫಾರಂನಲ್ಲಿ ಎಲ್ಲದಕ್ಕೂ "ಇಲ್ಲ" ಅಂತ ಬರೆದಿದ್ದ. ಠಾಣೆಯಿಂದ ವರದಿ ಬಂದಾಗ ಕೇಸಿನ ನಂಬರೂ ಇತ್ತು, ಖುಲಾಸೆಯ ದಿನಾಂಕವೂ ಇತ್ತು. "ಸರ್, ಖುಲಾಸೆ ಆಗಿದೆಯಲ್ಲ ಸರ್" ಅಂತ ಕೈಮುಗಿದು ನಿಂತಿದ್ದ. ತೀರ್ಪಿನ ಪ್ರತಿ ಅವನ ಬ್ಯಾಗಿನಲ್ಲೇ ಇತ್ತು. ಮೊದಲ ದಿನವೇ ಅದನ್ನು ಲಗತ್ತಿಸಿದ್ದರೆ ಕಡತ ಬಹುಶಃ ಒಂದೇ ಟಿಪ್ಪಣಿಯಲ್ಲಿ ಮುಗಿಯುತ್ತಿತ್ತು. ಹಾಗಾಗದೆ ನೋಟಿಸು, ಉತ್ತರ, ಮತ್ತೆ ನೋಟಿಸು ಅಂತ ಅವನು ಎರಡು ವರ್ಷ ಅಲೆದ. ಅವನ ಜೊತೆ ಆಯ್ಕೆಯಾದವರು ಅಷ್ಟರಲ್ಲಿ ಪ್ರೊಬೇಷನ್ ಮುಗಿಸಿದ್ದರು.

18 ತುಂಬುವ ಮೊದಲಿನ ಪ್ರಕರಣವಾಗಿದ್ದರೆ ಬಾಲ ನ್ಯಾಯ ಕಾಯ್ದೆ, 2015ರ 24ನೇ ಕಲಂ ಅಂಥವರಿಗೆ ರಕ್ಷಣೆ ಕೊಡುತ್ತದೆ. ಫಾರಂ ತುಂಬುವ ಮುಂಚೆ ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ.

ಫಾರಂ ಕೊಟ್ಟ ಮೇಲೆ, ಆರ್ಡರ್ ಬರುವ ಮುಂಚೆ ಹೊಸ ಕೇಸು ದಾಖಲಾದರೆ? ಅದನ್ನೂ ಪತ್ರ ಬರೆದು ತಿಳಿಸಿ. ನಮೂನೆಯಲ್ಲೇ ಹಾಗೆ ಹೇಳಿರುತ್ತಾರೆ.

ಹೆಜ್ಜೆ 4: ಪೊಲೀಸರು ಮನೆಗೆ ಬಂದಾಗ

ಇಲಾಖೆಯ ಪತ್ರ ಎಸ್ಪಿ ಕಚೇರಿಗೆ ಹೋಗಿ, ಅಲ್ಲಿಂದ ನಿಮ್ಮ ಠಾಣೆಗೆ ಬರುತ್ತದೆ. ಬೀಟ್ ಪೊಲೀಸರು ಫೋನ್ ಮಾಡುತ್ತಾರೆ ಅಥವಾ ಮನೆಗೇ ಬರುತ್ತಾರೆ. ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಸೇವಾ ಸಿಂಧುವಿನಲ್ಲಿ ನೀವಾಗಿ ತೆಗೆಸಿಕೊಳ್ಳುವ ಪೊಲೀಸ್ ಪ್ರಮಾಣಪತ್ರ ಬೇರೆ, ಇದು ಬೇರೆ. ಅದು ಇದ್ದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ಮನೆಯವರಿಗೆ ಮೊದಲೇ ಹೇಳಿಡಿ. ಪೊಲೀಸರು ಬಂದರೆ ಅಜ್ಜಿ ಗಾಬರಿಯಾಗಿ "ಅವನು ಇಲ್ಲಿ ಇಲ್ಲವೇ ಇಲ್ಲ" ಅಂದುಬಿಡುತ್ತಾರೆ. "ಈ ವಿಳಾಸದಲ್ಲಿ ವಾಸವಿಲ್ಲ" ಅಂತ ವರದಿ ಹೋದರೆ ಮತ್ತೆ ಮೊದಲಿಂದ ಶುರು. ಬಾಡಿಗೆ ಮನೆಯಾದರೆ ಮಾಲೀಕರಿಗೂ ಹೇಳಿ. ಪರಿಚಯದವರು ಅಂತ ಇಬ್ಬರ ಹೆಸರು ಬರೆದಿರುತ್ತೀರಲ್ಲ, ಅವರಿಗೆ ನಿಮ್ಮ ಪೂರ್ತಿ ಹೆಸರಾದರೂ ಗೊತ್ತಿರಲಿ. ಊರಿನ ದೊಡ್ಡ ಮನುಷ್ಯರ ಹೆಸರು ಸುಮ್ನೆ ಹಾಕುವ ಬದಲು ನಿಮ್ಮನ್ನು ಬಲ್ಲ ಮೇಷ್ಟ್ರ ಹೆಸರು ಹಾಕಿ.

ಇದಕ್ಕೆ ದುಡ್ಡು ಕೊಡಬೇಕಿಲ್ಲ. ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಡಬೇಕಾಗಿ ಬಂದವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ ಇದೆ. ಸರ್ಕಾರಿ ಕೆಲಸವನ್ನು ಹಾಗೆ ಶುರು ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಹೆಜ್ಜೆ 5: ಸಿಂಧುತ್ವ ಮತ್ತು ಮೀಸಲಾತಿ ಕಾಗದಗಳು

ಜಾಸ್ತಿ ಸಮಯ ತಿನ್ನುವುದು ಇದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ನಾಡಕಚೇರಿಯ ಪ್ರಮಾಣಪತ್ರದ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ, ಕಚೇರಿಯವರು ಅದನ್ನು ಆನ್‌ಲೈನ್‌ನಲ್ಲೇ ನೋಡುತ್ತಾರೆ. ಹಿಂದುಳಿದ ವರ್ಗದವರು ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಪ್ರಮಾಣಪತ್ರ ಅರ್ಜಿ ಹಾಕುವ ಕೊನೆಯ ದಿನಾಂಕಕ್ಕೆ ಚಾಲ್ತಿಯಲ್ಲಿರಬೇಕು. ಆಮೇಲೆ ಮಾಡಿಸಿ ತಂದರೆ ಎಷ್ಟು ಬೇಡಿಕೊಂಡರೂ ನಡೆಯುವುದಿಲ್ಲ.

ಆಯ್ಕೆಯಾದ ಮೇಲೆ ಈ ಪ್ರಮಾಣಪತ್ರ ನಿಜವೇ ಅಂತ ಜಿಲ್ಲಾ ಮಟ್ಟದ ಸಮಿತಿ ನೋಡಿ ಸಿಂಧುತ್ವ ಪ್ರಮಾಣಪತ್ರ ಕೊಡುತ್ತದೆ. 1994ರ ಮಾಧುರಿ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಪರಿಶೀಲನೆಗೆ ದಾರಿ ಹಾಕಿಕೊಟ್ಟಿತು. ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದು ಮಹಜರು ಮಾಡುತ್ತಾರೆ, ಹೇಳಿಕೆ ತೆಗೆದುಕೊಳ್ಳುತ್ತಾರೆ. ನೀವು ಜೋಡಿಸಿಡಬೇಕಾದ್ದು ವಂಶವೃಕ್ಷ, ನಿಮ್ಮ ಪ್ರಾಥಮಿಕ ಶಾಲೆಯ ದಾಖಲಾತಿ ವಹಿಯ ನಕಲು, ತಂದೆಯ ಶಾಲಾ ದಾಖಲೆ, ಅಣ್ಣ ತಮ್ಮ ಅಕ್ಕ ತಂಗಿಯರ ಟಿಸಿ. ತಂದೆ ಶಾಲೆಗೆ ಹೋಗಿಲ್ಲ ಅಂದರೆ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆಯರ ದಾಖಲೆ ಹುಡುಕಿ. ಹಳೆಯ ವಹಿಯಲ್ಲಿ ಜಾತಿಯ ಕಾಲಂನಲ್ಲಿ ಬರೀ "ಹಿಂದೂ" ಅಂತ ಬರೆದಿರುವುದುಂಟು. ಹಾಗಿದ್ದರೆ ಒಂದೇ ದಾಖಲೆಗೆ ನೇತುಬೀಳದೆ ರಕ್ತಸಂಬಂಧಿಗಳ ನಾಲ್ಕೈದು ದಾಖಲೆ ಕೊಡಿ.

ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಜಾತಿ ಹುಟ್ಟಿನಿಂದ ಬರುವುದು. ಗಂಡನ ಊರಿನಲ್ಲಿ, ಗಂಡನ ಹೆಸರಿನಲ್ಲಿ ಮಾಡಿಸಿದ ಜಾತಿ ಪ್ರಮಾಣಪತ್ರದಿಂದ ತುಂಬ ಜನ ಸಿಕ್ಕಿಹಾಕಿಕೊಂಡಿದ್ದಾರೆ. ತವರಿನ ತಾಲ್ಲೂಕಿನಿಂದ, ತಂದೆಯ ಹೆಸರಿನಲ್ಲೇ ಮಾಡಿಸಿ.

ಗ್ರಾಮೀಣ ಮೀಸಲಾತಿ ಕೇಳಿದ್ದರೆ 1ರಿಂದ 10ನೇ ತರಗತಿ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಸ್ಥರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಎರಡೂ ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡರಿಂದಲೂ ತನ್ನಿ. ಕನ್ನಡ ಮಾಧ್ಯಮದ್ದೂ 1ರಿಂದ 10ರವರೆಗಿನ ಲೆಕ್ಕವೇ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಸಂವಿಧಾನದ 371ಜೆ ವಿಧಿಯಡಿ ಸಿಗುವ ಮೀಸಲಾತಿಯ ಅರ್ಹತಾ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಬರುತ್ತದೆ. ಅಂಗವಿಕಲರ ಮೀಸಲಾತಿಗೆ ಕನಿಷ್ಠ 40 ಶೇಕಡಾ ಅಂಗವೈಕಲ್ಯ ಇರಬೇಕು, ನೇಮಕದ ಹೊತ್ತಿಗೆ ವೈದ್ಯಕೀಯ ಮಂಡಳಿ ಮತ್ತೆ ನೋಡುವುದುಂಟು.

ಸುಳ್ಳು ಜಾತಿ ಪ್ರಮಾಣಪತ್ರದ ತನಿಖೆಗೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ. ಇಪ್ಪತ್ತು ವರ್ಷ ಸೇವೆ ಮಾಡಿದವರ ಕಡತವೂ ಅಲ್ಲಿ ತೆರೆದುಕೊಳ್ಳಬಹುದು.

ಹೆಜ್ಜೆ 6: ನೈಜತೆ ಮತ್ತು ಮೆಡಿಕಲ್

ಅಂಕಪಟ್ಟಿಗಳ ನೈಜತೆಯನ್ನು ಇಲಾಖೆಯೇ ಬರೆದು ತರಿಸಿಕೊಳ್ಳುತ್ತದೆ. ಹೊರ ರಾಜ್ಯದ ವಿಶ್ವವಿದ್ಯಾಲಯವಾದರೆ ಉತ್ತರ ತಡವಾಗುತ್ತದೆ. ಪತ್ರದ ಸಂಖ್ಯೆ, ದಿನಾಂಕ ಕೇಳಿ ಪಡೆದು ಆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ. ಉತ್ತರ ಮಾತ್ರ ನೇರವಾಗಿ ಇಲಾಖೆಗೇ ಹೋಗಬೇಕು. ನೀವು ಕೈಯಲ್ಲಿ ತಂದರೆ ನಡೆಯುವುದಿಲ್ಲ.

ಮೆಡಿಕಲ್‌ಗೆ ಜಿಲ್ಲಾ ಆಸ್ಪತ್ರೆಗೆ ಬೆಳಿಗ್ಗೆ ಬೇಗ ಹೋಗಿ. ಇಲಾಖೆಯ ಪತ್ರ, ಫೋಟೋ, ಗುರುತಿನ ಚೀಟಿ, ಹಾಕುವವರಾದರೆ ಕನ್ನಡಕ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮಾತ್ರೆಯ ಚೀಟಿ ತೋರಿಸಿ, ಮುಚ್ಚಿಡಬೇಡಿ. ರೈಲ್ವೆ ಮತ್ತು ಪೊಲೀಸ್ ಇಲಾಖೆಯಲ್ಲಿ ಕಣ್ಣಿನ ಮಾನದಂಡ ಬೇರೆಯೇ ಇದೆ. ಅಲ್ಲಿ ಅರ್ಜಿ ಹಾಕುವ ಮೊದಲೇ ಬಣ್ಣಗುರುಡು ಇದೆಯೇ ಅಂತ ಪರೀಕ್ಷೆ ಮಾಡಿಸಿಕೊಂಡರೆ ವರ್ಷಗಳ ಓದು ವ್ಯರ್ಥವಾಗುವುದು ತಪ್ಪುತ್ತದೆ.

ಹೆಜ್ಜೆ 7: ಈಗಾಗಲೇ ಕೆಲಸದಲ್ಲಿದ್ದರೆ

ಸರ್ಕಾರಿ ಕೆಲಸದಲ್ಲಿದ್ದುಕೊಂಡು ಇನ್ನೊಂದಕ್ಕೆ ಹೋಗುವವರು ನಿರಾಕ್ಷೇಪಣಾ ಪತ್ರವನ್ನು ಅರ್ಜಿ ಹಾಕುವಾಗಲೇ ಕೇಳಿರಬೇಕು. ಸುಮ್ನೆ ರಾಜೀನಾಮೆ ಬಿಸಾಕಿ ಬಂದರೆ ಹಿಂದಿನ ಸೇವೆ ಕೈಬಿಟ್ಟು ಹೋಗಬಹುದು. ಹೊಸ ಹುದ್ದೆಗೆ ಸೇರುವ ಸಲುವಾಗಿ ಬಿಡುಗಡೆ ಅಂತ ಆದೇಶದಲ್ಲೇ ಬರೆಸಿಕೊಳ್ಳಿ. ಲಿಯನ್ (ಹಳೆಯ ಹುದ್ದೆಗೆ ಮರಳುವ ಹಕ್ಕು) ಬಗ್ಗೆಯೂ ಆಗಲೇ ಬರವಣಿಗೆಯಲ್ಲಿ ಕೇಳಿ.

ಹೆಜ್ಜೆ 8: ತಡವಾದರೆ, ನೋಟಿಸು ಬಂದರೆ

ವಾರಕ್ಕೆ ಮೂರು ಸಲ ಕಚೇರಿಗೆ ಬಂದು ನಿಲ್ಲುವುದರಿಂದ ಕಡತ ಓಡುವುದಿಲ್ಲ. ಒಂದು ಸಲ ಹೋಗಿ, ವಿಷಯ ನಿರ್ವಾಹಕರ ಹತ್ತಿರ ಮರ್ಯಾದೆಯಿಂದ ಮಾತಾಡಿ. ಯಾವ ವರದಿ ಬಂದಿದೆ, ಯಾವುದು ಬಾಕಿ, ಯಾವ ಸಂಖ್ಯೆಯ ಪತ್ರ ಎಲ್ಲಿಗೆ ಹೋಗಿದೆ ಅಂತ ಬರೆದುಕೊಳ್ಳಿ. ಆ ಸಂಖ್ಯೆ ಹಿಡಿದು ಬಾಕಿ ಇರುವ ಕಚೇರಿಗೆ ಹೋಗಿ. ಅದರಿಂದಲೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಜಾತಿ, ಆದಾಯ ಪ್ರಮಾಣಪತ್ರ ನಿಗದಿತ ದಿನದೊಳಗೆ ಸೇವೆ ಕೊಡಬೇಕೆನ್ನುವ ಸಕಾಲದ ಅಡಿ ಬರುತ್ತವೆ, ಆ ಸ್ವೀಕೃತಿಯ ಸಂಖ್ಯೆ ಕಳೆಯಬೇಡಿ.

ಕಾರಣ ಕೇಳಿ ನೋಟಿಸು ಬಂದರೆ ಹೆದರಿ ಮನೆಯಲ್ಲಿ ಕೂರಬೇಡಿ. ಅದರಲ್ಲಿ ಕೊಟ್ಟ ದಿನದೊಳಗೆ ಬರವಣಿಗೆಯಲ್ಲಿ, ದಾಖಲೆ ಸಮೇತ ಉತ್ತರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆಯ್ಕೆ ರದ್ದಾದರೆ ರಾಜ್ಯದ ಹುದ್ದೆಗಳಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ. ಬೆಂಗಳೂರು ಮಾತ್ರವಲ್ಲ, ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಸಾಮಾನ್ಯವಾಗಿ ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು.

ಹೆಜ್ಜೆ 9: ಹಾಜರಾಗುವ ದಿನ

ಆರ್ಡರ್‌ನಲ್ಲಿ ಎಷ್ಟು ದಿನದೊಳಗೆ ಅಂತ ಇದೆಯೋ ಅಷ್ಟರೊಳಗೆ ಹಾಜರಾಗಿ. ಹೋಗುವುದು ಬೆಳಿಗ್ಗೆಯೇ ಆಗಲಿ. ಕರ್ತವ್ಯಕ್ಕೆ ಹಾಜರಾದ ವರದಿಯಲ್ಲಿ "ಪೂರ್ವಾಹ್ನ" ಅಂತ ಬರೆದು, ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ. ಆಸ್ತಿ ವಿವರ, ವೈವಾಹಿಕ ಸ್ಥಿತಿಯ ಘೋಷಣೆ, ಎನ್‌ಪಿಎಸ್ (ಪಿಂಚಣಿ), ಕೆಜಿಐಡಿ (ಸರ್ಕಾರಿ ವಿಮೆ) ಫಾರಂಗಳನ್ನು ತುಂಬಬೇಕಾಗುತ್ತದೆ.

ಇನ್ನು ಸೇವಾ ಪುಸ್ತಕ. ಅದರ ಮೊದಲ ಪುಟದಲ್ಲಿ ನಿಮ್ಮ ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಇಂಕು ಒರೆಸಿಕೊಂಡು ಎದ್ದು ಬರಬೇಡಿ. ಎರಡು ನಿಮಿಷ ಕೂತು ಆ ಪುಟ ಓದಿ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ಇಟ್ಟು ನೋಡಿ. ತಪ್ಪಿದ್ದರೆ ಅಲ್ಲೇ ಹೇಳಿ. ಹುಟ್ಟಿದ ದಿನಾಂಕದ ತಿದ್ದುಪಡಿಗೆ ರಾಜ್ಯದ 1974ರ ಕಾಯ್ದೆ ಕೊಡುವ ಕಾಲಾವಕಾಶ, ಅದು ಸೇವಾ ಪುಸ್ತಕದಲ್ಲಿ ದಾಖಲಾದ ದಿನದಿಂದ 3 ವರ್ಷ ಮಾತ್ರ.